ಆರೋಗ್ಯ ಉಳಿಯುವುದು ಯಾವುದರಿಂದ?

ತೋಟಕ್ಕಿಳಿದರೆ ನಮ್ಮ ಕಣ್ಣು ಮೊದಲು ಬೀಳುವುದು ಕೊಳೆ ತಗಲಿದ ಗೊನೆಯ ಮೇಲೆ. ಅದೇ ಮಣ್ಣಿನಲ್ಲಿ, ಅದೇ ಮಳೆಯಲ್ಲಿ ಪಕ್ಕದ ಮರ ಹೇಗೆ ಗಟ್ಟಿಯಾಗಿ ನಿಂತಿತು ಎಂದು ಕೇಳುವವರು ಕಡಿಮೆ. ಮನುಷ್ಯರ ವಿಷಯದಲ್ಲಿಯೂ ಹಾಗೆಯೇ.

ಈ ಎರಡನೆಯ ಪ್ರಶ್ನೆಯನ್ನು ಹಿಡಿದು ಹೊರಟವರು ಇಸ್ರೇಲಿನಲ್ಲಿ ನೆಲೆಸಿದ್ದ ಸಮಾಜವಿಜ್ಞಾನಿ ಆರನ್ ಆಂಟನೋವ್ಸ್ಕಿ. ನಡುವಯಸ್ಸು ದಾಟುತ್ತಿದ್ದ ಮಹಿಳೆಯರನ್ನು ಅವರು ಅಭ್ಯಾಸ ಮಾಡಿದಾಗ, ನಾಜಿಗಳ ಸೆರೆಶಿಬಿರದಲ್ಲಿ ಬದುಕುಳಿದು ಬಂದವರಲ್ಲಿ ಶೇಕಡಾ 29 ಮಂದಿಯ ಮನಸ್ಸು ಆರೋಗ್ಯವಾಗಿತ್ತು. ಶಿಬಿರ ಕಾಣದವರಲ್ಲಿ ಶೇಕಡಾ 51. ಈ ಅಂತರದಲ್ಲಿ ಆಶ್ಚರ್ಯವೇನಿಲ್ಲ. ಅಷ್ಟು ನರಕ ಕಂಡ ಮೇಲೂ ಆ 29 ಮಂದಿ ಹೇಗೆ ಉಳಿದರು? 1979ರ ತಮ್ಮ ಗ್ರಂಥದಲ್ಲಿ ಅವರು ಕೊಟ್ಟ ಉತ್ತರ ಒಂದು ಬಗೆಯ ಭರವಸೆ. ಮುಂದೆ ಅದನ್ನು ಮೂರಾಗಿ ಬಿಡಿಸಿ ಹೇಳಿದರು: ನಡೆಯುತ್ತಿರುವುದು ಅರ್ಥವಾಗಬೇಕು, ಎದುರಿಸಲು ಕೈಯಲ್ಲಿ ಏನಾದರೂ ಇರಬೇಕು, ಪಟ್ಟ ಶ್ರಮ ಸಾರ್ಥಕವೆನಿಸಬೇಕು. ಮೂರರಲ್ಲಿ ಕೊನೆಯದೇ ಮುಖ್ಯವೆಂದು ಅವರ ಅಭಿಪ್ರಾಯ.

ಕಟಪಾಡಿಯಿಂದ ಮೂಡಕ್ಕೆ ಶಂಕರಪುರದ ಮಲ್ಲಿಗೆಯ ಮನೆಗಳನ್ನು ನೋಡಿ. ಅಂಗಳದ ಕೆಲವೇ ಗಿಡಗಳು. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಟ್ಟೆಯ ಲೆಕ್ಕದಲ್ಲಿ ಕೊಡುತ್ತಾರೆ. ದರ ದಿನಕ್ಕೊಂದು ಬಗೆಯಾದರೂ ಅಂದಂದೇ ತಿಳಿಯುತ್ತದೆ. ಹಣ ಹೆಂಗಸರ ಕೈಗೇ ಬರುತ್ತದೆ. ಹೂವು ಮದುವೆಗೆ, ಕೋಲಕ್ಕೆ, ಮುಂಬೈಗೆ ಹೋಗುತ್ತದೆ. ಇವರಿಗೆ ಕಾಯಿಲೆಯೇ ಬಾರದೆಂದು ನಾವು ಹೇಳುವುದಿಲ್ಲ. ಆದರೆ ಮೇಲಿನ ಮೂರೂ ಇಲ್ಲಿ ಒಟ್ಟಿಗಿವೆ.

ತೋಟಗಾರರಾದ ನಮ್ಮಲ್ಲಿ ಮೊದಲನೆಯದೇ ಕೊರತೆ. ಸಾಲದ ಕಾಗದವನ್ನು ಹೆಂಡತಿ ಮಕ್ಕಳಿಗೂ ತೋರಿಸದೆ ಪೆಟ್ಟಿಗೆಯಲ್ಲಿಟ್ಟವನಿಗೆ ನಿದ್ದೆ ಹತ್ತುವುದಾದರೂ ಹೇಗೆ? ಬೆಲೆ ಇಳಿಯುವುದು ನಮ್ಮ ಕೈಯಲ್ಲಿಲ್ಲ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಮನೆಯವರೆಲ್ಲ ಕುಳಿತು ಬರೆದಿಡುವುದು ನಮ್ಮ ಕೈಯಲ್ಲಿದೆ. ಕಟ್ಟಲಾಗದಿದ್ದರೆ ಕಂತು ತಪ್ಪುವ ಮೊದಲೇ ಸಂಘಕ್ಕೆ ಬಂದು ತಿಳಿಸಿರಿ. ಮರ ಹತ್ತಿ ಮದ್ದು ಬಿಡುವವರು ಸಿಗದ ಈ ಕಾಲದಲ್ಲಿ, ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಒಮ್ಮೆ, 40–45 ದಿನದ ಮೇಲೆ ಇನ್ನೊಮ್ಮೆ ಬಿಡಲು ನಾಲ್ಕು ಮನೆಯವರು ಸೇರಿ ಆಳನ್ನು ಗೊತ್ತುಮಾಡಿಕೊಂಡರೆ ಕೊಳೆಯೂ ತಗ್ಗುತ್ತದೆ, ಒಬ್ಬನೇ ಹೊರುವ ಚಿಂತೆಯೂ ತಗ್ಗುತ್ತದೆ.

ಇನ್ನು ಹಿರಿಯರ ಮಾತು. ಮಕ್ಕಳು ಮುಂಬೈ, ಗಲ್ಫ್ ಸೇರಿದ ಮನೆಗಳಲ್ಲಿ ಅವರನ್ನು "ನೀವು ಸುಮ್ಮನೆ ಕುಳಿತುಕೊಳ್ಳಿ" ಎಂದು ಪ್ರೀತಿಯಿಂದಲೇ ಮೂಲೆಗೆ ಕೂರಿಸುತ್ತೇವೆ. ರಕ್ತದೊತ್ತಡದ ಮಾತ್ರೆಯನ್ನು ತಪ್ಪಿಸಬಾರದು, ನಿಜ. ಅದರ ಜೊತೆಗೆ ಸಸಿಮಡಿಯ ಉಸ್ತುವಾರಿ, ಅಡಿಕೆ ಹೆಕ್ಕಿದವರ ಲೆಕ್ಕ, ಕರಿಮೆಣಸಿನ ಬಳ್ಳಿ ಕಟ್ಟುವುದು ಇವುಗಳಲ್ಲಿ ಯಾವುದಾದರೂ ಒಂದನ್ನು ಅವರಿಗೇ ಬಿಟ್ಟುಕೊಡಿರಿ, ನಡುವೆ ಕೈಹಾಕಬೇಡಿರಿ.