ಮಂಗಳದ ಮರಳು ನೀಲಿಯಾದದ್ದು ಹೇಗೆ?

ಪ್ರಶ್ನೆ: ಮಂಗಳವನ್ನು ಕೆಂಪು ಗ್ರಹ ಅನ್ನುತ್ತಾರೆ. ಆದರೆ ಕೆಲವು ಚಿತ್ರಗಳಲ್ಲಿ ಅಲ್ಲಿನ ಮರಳ ದಿಬ್ಬಗಳು ಕಡು ನೀಲಿಯಾಗಿವೆ, ಬಂಡೆಗಳನ್ನು ಒಂದೊಂದಾಗಿ ಎಣಿಸಬಹುದು. ಇವು ನಿಜವಾದ ಫೋಟೊಗಳೇ, ಕಂಪ್ಯೂಟರಿನಲ್ಲಿ ಬಿಡಿಸಿದವೇ? ನಮ್ಮ ಮಂಗಳಯಾನದ ಚಿತ್ರಗಳಲ್ಲಿ ಇಷ್ಟು ವಿವರ ಯಾಕಿಲ್ಲ?

ಉತ್ತರ: ನಿಜವಾದ ಫೋಟೊಗಳೇ. ಬಂಡೆ, ದಿಬ್ಬ, ನೆರಳು ಎಲ್ಲವೂ ಅಲ್ಲಿ ಇದ್ದ ಹಾಗೆಯೇ ಇವೆ. ಬಣ್ಣದ ಲೆಕ್ಕ ಮಾತ್ರ ಬೇರೆ.

ನೀವು ನೋಡಿದಂಥ ಚಿತ್ರಗಳಲ್ಲಿ ಹೆಚ್ಚಿನವು ‘ಹೈರೈಸ್’ ಎಂಬ ಕ್ಯಾಮೆರಾದವು. ನಾಸಾದ ಮಾರ್ಸ್ ರಿಕನೈಸೆನ್ಸ್ ಆರ್ಬಿಟರ್ ನೌಕೆ ಇದನ್ನು ಹೊತ್ತು 2005ರ ಆಗಸ್ಟ್‌ನಲ್ಲಿ ಹೊರಟು, 2006ರ ಮಾರ್ಚ್‌ನಲ್ಲಿ ಮಂಗಳದ ಕಕ್ಷೆ ಸೇರಿತು. ಕ್ಯಾಮೆರಾವನ್ನು ನಡೆಸುವವರು ಅರಿಜೋನಾ ವಿಶ್ವವಿದ್ಯಾಲಯದವರು. ಅರ್ಧ ಮೀಟರ್ ಅಗಲದ ಕನ್ನಡಿಯುಳ್ಳ, ಸುಮಾರು 65 ಕೆ.ಜಿ. ತೂಗುವ ಇದು ನಿಜಕ್ಕೂ ಕೆಳಮುಖವಾಗಿ ತಿರುಗಿಸಿಟ್ಟ ದೂರದರ್ಶಕ. ಸುಮಾರು 300 ಕಿ.ಮೀ. ಎತ್ತರದಿಂದ ನೋಡಿದಾಗ ಚಿತ್ರದ ಒಂದು ಪಿಕ್ಸೆಲ್‌ಗೆ ನೆಲದ ಮೇಲಿನ 25–30 ಸೆಂ.ಮೀ. ಸಿಗುತ್ತದೆ. ಆಕಾರ ಗುರುತಿಸಲು ಮೂರ್ನಾಲ್ಕು ಪಿಕ್ಸೆಲ್‌ಗಳಾದರೂ ಬೇಕು. ಹಾಗಾಗಿ ಒಂದು ಮೀಟರ್‌ನಷ್ಟು ದೊಡ್ಡ ಬಂಡೆ ಬಂಡೆಯಾಗಿಯೇ ಕಾಣುತ್ತದೆ. ಸುಮಾರು 3 ಮೀಟರ್ ಉದ್ದದ ಕ್ಯೂರಿಯಾಸಿಟಿ ರೋವರ್ ಹತ್ತು ಪಿಕ್ಸೆಲ್‌ಗಳಷ್ಟಾಗುತ್ತದೆ. 2003ರ ಕ್ರಿಸ್‌ಮಸ್ ದಿನ ಇಳಿಯಬೇಕಿದ್ದು ಸುದ್ದಿಯೇ ಇಲ್ಲದಂತಾದ ಬ್ರಿಟನ್ನಿನ ಬೀಗಲ್-2 ನೌಕೆ ಪತ್ತೆಯಾದದ್ದು ಈ ಚಿತ್ರಗಳಲ್ಲೇ. ಅದು ಸುಸೂತ್ರವಾಗಿ ನೆಲ ಮುಟ್ಟಿತ್ತು, ಆದರೆ ಸೌರಫಲಕಗಳು ಪೂರ್ತಿ ಬಿಚ್ಚಿಕೊಂಡಿರಲಿಲ್ಲ ಎಂಬುದು 2015ರಲ್ಲಿ ತಿಳಿಯಿತು.

ಇನ್ನು ಚಿತ್ರ ತೆಗೆಯುವ ಬಗೆ. ಹೈರೈಸ್ ಒಮ್ಮೆಗೇ ಕ್ಲಿಕ್ಕಿಸುವುದಿಲ್ಲ. ಜೆರಾಕ್ಸ್ ಯಂತ್ರದಲ್ಲಿ ಬೆಳಕಿನ ಪಟ್ಟಿ ಕಾಗದದ ಕೆಳಗೆ ಸರಿಯುವಂತೆ, ನೌಕೆ ಮುಂದೆ ಹೋದ ಹಾಗೆ ನೆಲವನ್ನು ಗೆರೆ ಗೆರೆಯಾಗಿ ಓದುತ್ತದೆ. ತೊಡಕಿರುವುದು ವೇಗದಲ್ಲಿ. ಕೆಳಗಿನ ನೆಲ ಸೆಕೆಂಡಿಗೆ ಮೂರು ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹಿಂದೆ ಸರಿಯುತ್ತಿರುತ್ತದೆ. 30 ಸೆಂ.ಮೀ. ದಾಟಲು ಒಂದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗವೂ ಬೇಡ; ಅಷ್ಟರಲ್ಲಿ ಸಾಕಷ್ಟು ಬೆಳಕು ಸಿಗದು. ಅದಕ್ಕಾಗಿ ಸಂವೇದಕದ ಒಂದು ಸಾಲು ಹಿಡಿದ ಬೆಳಕಿನ ವಿದ್ಯುದಂಶವನ್ನು, ಬಿಂಬ ಸರಿದ ವೇಗದಲ್ಲೇ ಮುಂದಿನ ಸಾಲಿಗೆ ದಾಟಿಸಿ ಕೂಡಿಸುತ್ತಾ ಹೋಗುತ್ತಾರೆ. ಹೀಗೆ 128 ಸಾಲುಗಳವರೆಗೂ ಕೂಡಿಸಬಹುದು. ಈ ಹೊತ್ತಿನಲ್ಲಿ ನೌಕೆ ಸ್ವಲ್ಪ ಅದುರಿದರೂ ಚಿತ್ರ ಕಲೆಸಿಹೋಗುತ್ತದೆ.

ಈಗ ನೀಲಿ ಮರಳು. ಹೈರೈಸ್ ಬೆಳಕನ್ನು ಮೂರು ಭಾಗಗಳಲ್ಲಿ ಅಳೆಯುತ್ತದೆ: ನೀಲಿ-ಹಸಿರು, ಕೆಂಪು ಮತ್ತು ನಮ್ಮ ಕಣ್ಣಿಗೆ ಕಾಣದ ಸಮೀಪ ಅವಕೆಂಪು. ಕಾಣದ್ದನ್ನು ಕಾಣಿಸಬೇಕೆಂದರೆ ಬಣ್ಣಗಳನ್ನು ಒಂದೊಂದು ಮೆಟ್ಟಿಲು ಸರಿಸಬೇಕು. ಅವಕೆಂಪನ್ನು ಕೆಂಪಾಗಿ, ಕೆಂಪನ್ನು ಹಸಿರಾಗಿ, ನೀಲಿ-ಹಸಿರನ್ನು ನೀಲಿಯಾಗಿ ತೋರಿಸುತ್ತಾರೆ. ಬಣ್ಣಗಳ ನಡುವಿನ ಅಂತರವನ್ನೂ ಹಿಗ್ಗಿಸುತ್ತಾರೆ. ಮಂಗಳಕ್ಕೆ ಕೆಂಪು ಕೊಟ್ಟಿರುವುದು ತುಕ್ಕು ಹಿಡಿದ ಕಬ್ಬಿಣದ ಅಂಶವಿರುವ ನುಣ್ಣನೆಯ ಧೂಳು. ಗಾಳಿ ಉರುಳಿಸುತ್ತಿರುವ ದಿಬ್ಬಗಳ ಮೇಲೆ ಈ ಧೂಳು ನಿಲ್ಲುವುದು ಕಡಿಮೆ. ಅಲ್ಲಿರುವುದು ಬಸಾಲ್ಟ್ ಕಲ್ಲಿನ ಕಪ್ಪು-ಬೂದು ಮರಳು. ಹಿಗ್ಗಿಸಿದ ಬಣ್ಣದಲ್ಲಿ ಅದೇ ನೀಲಿಯಾಗಿ ಕಾಣುತ್ತದೆ. ನೀವು ಅಲ್ಲೇ ಹೋಗಿ ನಿಂತರೆ ಬೂದು ಮರಳನ್ನೇ ನೋಡುತ್ತೀರಿ. ಆದರೆ ಧೂಳು ಎಲ್ಲಿ, ಮರಳು ಎಲ್ಲಿ, ಯಾವ ಕಲ್ಲು ಬೇರೆ ಜಾತಿಯದು ಎಂದು ವಿಜ್ಞಾನಿಗೆ ಒಂದೇ ನೋಟಕ್ಕೆ ತಿಳಿಯುವುದು ಈ ಕೃತಕ ಬಣ್ಣದಿಂದ.

ಮಂಗಳಯಾನದ ಮಾತು. 2014ರ ಸೆಪ್ಟೆಂಬರ್ 24ರಂದು ಮಂಗಳ ತಲುಪಿದ ನಮ್ಮ ನೌಕೆ ಹೊತ್ತಿದ್ದ ಐದೂ ಉಪಕರಣಗಳ ಒಟ್ಟು ತೂಕ ಸುಮಾರು 15 ಕೆ.ಜಿ. ಅಂದರೆ ಹೈರೈಸ್ ಒಂದರ ಕಾಲುಭಾಗದಷ್ಟೂ ಇಲ್ಲ. ಕಕ್ಷೆಯೂ ತೀರ ಉದ್ದನೆಯದು: ಹತ್ತಿರ ಬಂದಾಗ 420 ಕಿ.ಮೀ., ದೂರ ಹೋದಾಗ ಸುಮಾರು 77,000 ಕಿ.ಮೀ. ಹತ್ತಿರದಲ್ಲಿದ್ದಾಗಲೂ ಅದರ ಒಂದು ಪಿಕ್ಸೆಲ್‌ಗೆ ಸಿಗುತ್ತಿದ್ದದ್ದು 25 ಮೀಟರ್ ನೆಲ. ಆದರೆ ದೂರದಿಂದ ಅದು ಇಡೀ ಗ್ರಹವನ್ನು, ಅಲ್ಲಿ ಎದ್ದ ಧೂಳಿನ ಸುಳಿಗಳ ಸಮೇತ, ಒಂದೇ ಚೌಕಟ್ಟಿನಲ್ಲಿ ಹಿಡಿಯುತ್ತಿತ್ತು. ಬಣ್ಣವೂ ನಮ್ಮ ಮೊಬೈಲ್ ಕ್ಯಾಮೆರಾದ ರೀತಿಯದೇ. ಕೇವಲ ಆರು ಕಿ.ಮೀ. ಅಗಲದ ಪಟ್ಟಿ ನೋಡುವ ಹೈರೈಸ್‌ಗೆ ಹೀಗೆ ಇಡೀ ಗ್ರಹವನ್ನು ಹಿಡಿಯುವುದು ಆಗದ ಕೆಲಸ. ಆ ಪಟ್ಟಿಯಲ್ಲೂ ಬಣ್ಣ ಸಿಗುವುದು ನಡುವಿನ ಕಿರಿದಾದ ಭಾಗಕ್ಕೆ ಮಾತ್ರ. ಇಷ್ಟು ವರ್ಷ ದುಡಿದರೂ ಅದು ನೋಡಿರುವುದು ಗ್ರಹದ ಸಣ್ಣದೊಂದು ಪಾಲನ್ನು. ವಿವರ ಹೆಚ್ಚಿದಷ್ಟೂ ವ್ಯಾಪ್ತಿ ಕುಗ್ಗುತ್ತದೆ. ಯಾವುದು ಬೇಕೆಂದು ನೌಕೆ ಕಟ್ಟುವ ಮೊದಲೇ ತೀರ್ಮಾನಿಸಬೇಕು.

ಕೊನೆಗೊಂದು ಸೂಚನೆ. ಈ ಚಿತ್ರಗಳಲ್ಲಿ ಕುಳಿಗಳು ಗುಡ್ಡಗಳಂತೆ ಉಬ್ಬಿ ಕಂಡು ಮೋಸಮಾಡುವುದುಂಟು. ಹೈರೈಸ್ ಚಿತ್ರ ತೆಗೆಯುವುದು ಸಾಮಾನ್ಯವಾಗಿ ಅಲ್ಲಿನ ಮಧ್ಯಾಹ್ನ ಮೂರರ ಹೊತ್ತಿಗೆ, ಸೂರ್ಯ ಪಶ್ಚಿಮಕ್ಕೆ ವಾಲಿದಾಗ. ಉತ್ತರ ಮೇಲಿದ್ದರೆ ಬೆಳಕು ಎಡದಿಂದ ಬರುತ್ತದೆ. ಎಡ ಅಂಚು ಕತ್ತಲಾಗಿ ಬಲ ಅಂಚು ಬೆಳಗಿದ್ದರೆ ಅದು ಕುಳಿ. ಎಡ ಬೆಳಗಿ ಬಲ ಕತ್ತಲಾಗಿದ್ದರೆ ಗುಡ್ಡ.