ಮನೆಯ ಧಾನ್ಯಸಂಗ್ರಹ: ಹಗೇವು, ವಾಡೆ, ಕಣಜಗಳ ವಿಚಾರ

ಉಳುಮೆ, ಗೊಬ್ಬರ, ಬಿತ್ತನೆಗಳ ವಿಷಯದಲ್ಲಿ ಎಷ್ಟೋ ಎಚ್ಚರವಹಿಸುವ ರೈತರು ಕೂಡ ಒಕ್ಕಣೆಯು ಮುಗಿದೊಡನೆ ತಮ್ಮ ಕೆಲಸವೆಲ್ಲವೂ ತೀರಿತೆಂದು ಭಾವಿಸಿ, ಗೋಣಿಚೀಲಗಳನ್ನು ನಡುಮನೆಯ ಗೋಡೆಗೆ ಒರಗಿಸಿ ನಿಶ್ಚಿಂತರಾಗುವುದುಂಟು. ಆಷಾಢ ಶ್ರಾವಣಗಳಲ್ಲಿ ಚೀಲವನ್ನು ಬಿಚ್ಚಿದಾಗ ಅಡಿಯ ಕಾಳು ಮುಗ್ಗಿ, ಮೇಲಿನ ಕಾಳು ಹುಳು ಕೊರೆದು ಹಿಟ್ಟಾಗಿರುವುದನ್ನು ಕಂಡು ಪರಿತಪಿಸುವರು. ಹೊಲದಲ್ಲಿ ಬೆಳೆಯು ಒಣಗಿದರೆ ಊರೆಲ್ಲವೂ ಅದನ್ನು ನೋಡುವುದು. ಮನೆಯೊಳಗೆ ಆಗುವ ನಷ್ಟವನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಧಾನ್ಯವನ್ನು ಮನೆಯಲ್ಲಿ ಸಂಗ್ರಹಿಸಿಡುವ ಕ್ರಮವನ್ನೂ, ಅದರಲ್ಲಿಯೂ ಮುಖ್ಯವಾಗಿ ಹಗೇವುಗಳನ್ನು ತೆರೆಯುವಾಗ ಉಂಟಾಗುವ ಪ್ರಾಣಾಪಾಯವನ್ನೂ ಗ್ರಾಮದ ಮುಖಂಡರ ಮತ್ತು ಜಮೀನುದಾರರ ಗಮನಕ್ಕೆ ತರುತ್ತೇವೆ.

ಈಗ ನ್ಯಾಯಬೆಲೆಯ ಅಂಗಡಿಗಳಿರುವಾಗ ಮನೆಯಲ್ಲಿ ವರ್ಷದ ಕಾಳನ್ನು ಇಟ್ಟುಕೊಳ್ಳುವುದೇತಕ್ಕೆ ಎಂದು ಕೆಲವರು ಕೇಳುವರು. ಧಾತು ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಹಿರಿಯರು ಬಹುಕಾಲ ಮರೆಯಲಿಲ್ಲ. 1871ರ ಖಾನೇಷುಮಾರಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸೀಮೆಯ ಜನಸಂಖ್ಯೆಯು, 1876ರಿಂದ 1878ರವರೆಗಿನ ಆ ಕ್ಷಾಮದ ತರುವಾಯ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ದುರ್ದಿನವು ಈಗ ಬಾರದೆಂದೇ ಇಟ್ಟುಕೊಂಡರೂ, ಸುಗ್ಗಿಯಲ್ಲಿ ಸಿಕ್ಕಿದ ಬೆಲೆಗೆ ಎಲ್ಲವನ್ನೂ ಮಾರಿ, ಮಳೆಗಾಲದಲ್ಲಿ ಅದೇ ಧಾನ್ಯವನ್ನು ಹೆಚ್ಚಿನ ಬೆಲೆಗೆ ಕೊಳ್ಳುವ ಮನೆಗೆ ಲಾಭವೆಲ್ಲಿಯದು? ಬಿತ್ತನೆಯ ಬೀಜಕ್ಕಾಗಿ ಪರರ ಬಾಗಿಲಿಗೆ ಹೋಗಬೇಕಾದ ಸಂಕಟವಂತೂ ಬೇರೆಯೇ ಇದೆ.

ಎಷ್ಟು ಕಾಳನ್ನು ಇಡಬೇಕೆಂಬುದಕ್ಕೆ ದೊಡ್ಡ ಗಣಿತವು ಬೇಕಿಲ್ಲ. ದುಡಿಯುವ ಆಳಿಗೆ ದಿನಕ್ಕೆ ಸುಮಾರು 400 ಗ್ರಾಮ್ ಧಾನ್ಯವೆಂದು ಹಿಡಿದರೆ, ಐದು ಮಂದಿಯ ಕುಟುಂಬಕ್ಕೆ ದಿನಕ್ಕೆ 2 ಕಿಲೋಗ್ರಾಮ್, ವರ್ಷಕ್ಕೆ 7 ಕ್ವಿಂಟಾಲಿಗೆ ಸ್ವಲ್ಪ ಮೇಲ್ಪಟ್ಟು ಆಗುವುದು. ಬೀಜದ ಕಾಳು, ನೆಂಟರಿಷ್ಟರ ಖರ್ಚು, ಹಬ್ಬಹರಿದಿನಗಳ ವೆಚ್ಚ ಇವುಗಳನ್ನು ಆಯಾ ಮನೆಯ ಯಜಮಾನರೇ ಇದಕ್ಕೆ ಸೇರಿಸಿಕೊಳ್ಳತಕ್ಕದ್ದು.

ಕಾಳು ಒಣಗಿರಬೇಕು

ಯಾವ ಪಾತ್ರೆಯಲ್ಲಿ ತುಂಬಿದರೂ ಹಸಿಯ ಕಾಳು ಉಳಿಯಲಾರದು. ರಾಗಿ, ಜೋಳ, ಬತ್ತಗಳಲ್ಲಿ ನೂರಕ್ಕೆ 12 ಭಾಗಕ್ಕಿಂತ ಹೆಚ್ಚು ತೇವವಿರಕೂಡದು. ದ್ವಿದಳಧಾನ್ಯಗಳು ಇನ್ನೂ ಒಣಗಿರಬೇಕು. ಹಲ್ಲಿನಲ್ಲಿ ಕಡಿದಾಗ ಕಾಳು ಮೆತ್ತಗೆ ಅಮುಕಿಕೊಳ್ಳದೆ ‘ಕಟ್’ ಎಂದು ಒಡೆಯಬೇಕೆಂಬುದು ಹಳಬರ ಪರೀಕ್ಷೆ. ಇನ್ನೊಂದು ಸುಲಭವಾದ ಪರೀಕ್ಷೆಯಿದೆ. ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಒಂದು ಹಿಡಿ ಕಾಳನ್ನೂ ಒಂದು ಚಮಚೆ ಒಣ ಪುಡಿಯುಪ್ಪನ್ನೂ ಹಾಕಿ, ಬಿರಡೆಯಿಟ್ಟು ಕೆಲವು ನಿಮಿಷ ಕುಲುಕಿ, ನಿಲ್ಲಿಸಿ ನೋಡಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡರೆ ತೇವವು ನೂರಕ್ಕೆ 15ಕ್ಕಿಂತ ಮೇಲಿದೆಯೆಂದು ತಿಳಿಯತಕ್ಕದ್ದು. ಅಂಟದಿದ್ದ ಮಾತ್ರಕ್ಕೆ ಒಡನೆಯೇ ತುಂಬಿಬಿಡಬಾರದು. ಇನ್ನೆರಡು ಬಿಸಿಲು ಕಾಣಿಸುವುದೇ ಲೇಸು.

ಇಲ್ಲಿ ಅನೇಕರು ಮಾಡುವ ಒಂದು ತಪ್ಪನ್ನು ಹೇಳಬೇಕಾಗಿದೆ. ಸಂಜೆ ಅಂಗಳದಿಂದ ಎತ್ತಿದ ಕಾಳನ್ನು ಬಿಸಿಬಿಸಿಯಾಗಿಯೇ ಪಾತ್ರೆಗೆ ತುಂಬಿ ಬಾಯಿ ಮುಚ್ಚುವರು. ರಾತ್ರಿ ಹೊರಗಣ ಹವೆಯು ತಣ್ಣಗಾದಾಗ ಆ ಬಿಸಿಯ ಕಾಳಿನಿಂದ ಹೊರಟ ಆವಿಯು ಪಾತ್ರೆಯ ಒಳಮೈಯಲ್ಲಿ ಬೆವರಿನಂತೆ ನಿಂತು ಬೂಸ್ಟಿಗೆ ಎಡೆಗೊಡುವುದು. ತಗಡಿನ ಕಣಜಗಳಲ್ಲಿ ಈ ತೊಂದರೆಯು ಹೆಚ್ಚು. ನೆರಳಿನಲ್ಲಿ ಹರಡಿ ಆರಿಸಿದ ಮೇಲೆಯೇ ಕಾಳನ್ನು ತುಂಬಬೇಕು.

ಹುಳುಗಳ ವಿಷಯ

ಜೋಳ, ಅಕ್ಕಿ, ಗೋಧಿಗಳನ್ನು ಹಿಡಿಯುವ ಸೊಂಡಿಲು ಹುಳುವು ಕಾಳಿನಲ್ಲಿ ಸಣ್ಣ ರಂಧ್ರವನ್ನು ಕೊರೆದು, ಅದರೊಳಗೆ ಮೊಟ್ಟೆಯಿಟ್ಟು, ರಂಧ್ರದ ಬಾಯನ್ನು ಅಂಟಿನಿಂದ ಮುಚ್ಚಿಬಿಡುವುದು. ಮರಿಯು ಕಾಳಿನ ಒಳಗೇ ತಿಂದು ಬೆಳೆಯುವುದರಿಂದ ನೋಡುವವರಿಗೆ ಏನೂ ತೋರುವುದಿಲ್ಲ. ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಹೊಸ ಹುಳು ಹೊರಬಂದು ತಾನೂ ಮೊಟ್ಟೆಯಿಡಲಾರಂಭಿಸುವುದು. ಅಲಸಂದೆ, ಹೆಸರು, ಕಡಲೆ, ತೊಗರಿಗಳ ಹುಳುವಾದರೋ ಹೊಲದಲ್ಲಿ ಕಾಯಿ ಬಲಿಯುವಾಗಲೇ ಅದರ ಮೇಲೆ ಮೊಟ್ಟೆಯಿಟ್ಟಿರುವುದುಂಟು. ಕಾಳಿನ ಮೇಲೆ ಬಿಳಿಯ ಚುಕ್ಕೆಗಳಂತೆ ಕಾಣುವುವು ಈ ಮೊಟ್ಟೆಗಳೇ. ಮನೆಯಲ್ಲಿ ಎಷ್ಟು ಶುಚಿಯಾಗಿಟ್ಟರೂ ಬೇಳೆಕಾಳಿಗೆ ಹುಳು ಬಂದಿತಲ್ಲಾ ಎಂದು ಹೆಂಗಸರು ಬೇಸರಪಡುವುದಕ್ಕೆ ಕಾರಣವಿದು, ತಪ್ಪು ಅವರದಲ್ಲ.

ಬೇಳೆಕಾಳುಗಳಿಗೆ ಅಡಿಗೆಯ ಎಣ್ಣೆಯನ್ನಾಗಲಿ ಹರಳೆಣ್ಣೆಯನ್ನಾಗಲಿ ಕಿಲೋಗ್ರಾಮಿಗೆ ಒಂದು ಸಣ್ಣ ಚಮಚೆ, ಎಂದರೆ ಸುಮಾರು 5 ಮಿಲಿಲೀಟರಿನಂತೆ, ಪ್ರತಿ ಕಾಳಿಗೂ ಹತ್ತುವಂತೆ ಸವರಿಡುವುದು ನಮ್ಮ ಮನೆಗಳ ಹಳೆಯ ರೂಢಿ. ಎಣ್ಣೆಯ ತೆಳುಪೊರೆಯಿಂದ ಮೊಟ್ಟೆಗಳು ಉಸಿರುಕಟ್ಟಿ ಸಾಯುವುವೆಂದು ಪ್ರಯೋಗಗಳಿಂದಲೂ ಸಿದ್ಧವಾಗಿದೆ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿಡುವುದೂ, ಹುರುಳಿ ಅವರೆಗಳಿಗೆ ಜರಡಿ ಹಿಡಿದ ಬೂದಿಯನ್ನು ಬೆರಸಿಡುವುದೂ ಉತ್ತಮ ಪದ್ಧತಿಗಳೇ. ತೊಗರಿಯನ್ನು ಬೇಗನೆ ಬೇಳೆ ಮಾಡಿಟ್ಟರೆ ಹುಳುವಿನ ಕಾಟವು ಬಹುಮಟ್ಟಿಗೆ ಕಡಮೆಯಾಗುವುದು.

ರಾಗಿಯ ವಿಚಾರವೇ ಬೇರೆ. ಅದರ ಕಾಳು ಬಹಳ ಸಣ್ಣದಾಗಿರುವುದರಿಂದ ಒಳಗೆ ಕುಳಿತು ತಿನ್ನುವ ಮರಿಗಳು ಬೆಳೆಯಲು ಸ್ಥಳವೇ ಸಾಲದು. ಚೆನ್ನಾಗಿ ಒಣಗಿದ ರಾಗಿಯು ವರ್ಷಗಟ್ಟಲೆ ಉಳಿಯುವುದನ್ನು ನಮ್ಮ ರೈತರು ಬಲ್ಲರು. ಹಿಟ್ಟಾದ ಮೇಲೆ ಮಾತ್ರ ಈ ಗುಣವು ಹೋಗುವುದು. ಆದುದರಿಂದ ಬೇಕಾದಷ್ಟನ್ನೇ ಬೀಸಿಸತಕ್ಕದ್ದು.

ಮಣ್ಣಿನ ವಾಡೆ, ಗುಡಾಣ, ಬಿದಿರಿನ ಕಣಜ, ತಗಡಿನ ಕಣಜ ಇವುಗಳಲ್ಲಿ ಯಾವುದನ್ನು ಉಪಯೋಗಿಸಿದರೂ ನೆಲದಿಂದ ಎತ್ತರಿಸಿ, ಗೋಡೆಯಿಂದ ಒಂದು ಮೊಳ ದೂರವಿಡಬೇಕು. ಬಿದಿರಿನ ಕಣಜಕ್ಕೆ ಒಳಗೂ ಹೊರಗೂ ಸಗಣಿ ಮಣ್ಣುಗಳ ಸಾರಣೆಯಾಗಿ, ಅದು ಪೂರ್ಣವಾಗಿ ಒಣಗಿರಬೇಕು. ಹಳೆಯ ಗೋಣಿಚೀಲಗಳ ಹೊಲಿಗೆಯಲ್ಲಿ ಹೋದ ವರ್ಷದ ಹುಳುಗಳು ಅಡಗಿರುವುದರಿಂದ, ಅವನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸದೆ ಹೊಸ ಕಾಳನ್ನು ತುಂಬಬಾರದು.

ಧಾನ್ಯಕ್ಕೆ ಇಡುವ ವಿಷದ ಮಾತ್ರೆಗಳ ಬಗ್ಗೆ ಒಂದು ಮಾತು. ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಈ ಮಾತ್ರೆಯು ಹವೆಯ ತೇವಕ್ಕೆ ತಾಗಿದೊಡನೆ ಫಾಸ್ಫೀನ್ ಎಂಬ ಘೋರವಾದ ವಿಷವಾಯುವನ್ನು ಬಿಡುವುದು. ಸರ್ಕಾರದ ನಿಯಮದಂತೆ ಇದನ್ನು ತರಬೇತು ಪಡೆದವರ ಹೊರತು ಇತರರು ಉಪಯೋಗಿಸಕೂಡದು. ಮನೆಮಂದಿ ಮಲಗುವ ಕೋಣೆಯ ಪಕ್ಕದಲ್ಲಿ ಕಾಳಿನ ಚೀಲಕ್ಕೆ ಇದನ್ನು ಹಾಕಿಡುವುದು ಮಕ್ಕಳ ತಲೆದಿಂಬಿನ ಕೆಳಗೆ ಹಾವನ್ನು ಇಟ್ಟಂತೆಯೇ ಸರಿ.

ಹಗೇವು

ಹಗೇವು ನಮ್ಮ ಬಯಲುಸೀಮೆಯವರ ಹಿರಿಯ ಯುಕ್ತಿ. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿಗೂ, ಉತ್ತರದಲ್ಲಿ ಜೋಳಕ್ಕೂ ಇದನ್ನು ಬಹುಕಾಲದಿಂದ ತೋಡಿದ್ದಾರೆ. ನೀರು ನಿಲ್ಲದ ಎತ್ತರವಾದ ಜಾಗದಲ್ಲಿ, ಗಟ್ಟಿಯಾದ ಗರಸು ನೆಲದಲ್ಲಿ, ಒಬ್ಬ ಆಳು ಇಳಿಯುವಷ್ಟು ಕಿರಿದಾದ ಬಾಯಿಯನ್ನೂ ವಿಶಾಲವಾದ ಹೊಟ್ಟೆಯನ್ನೂ ಉಳ್ಳ ಹೂಜಿಯ ಆಕಾರದಲ್ಲಿ ಅಗೆದು, ಒಳಗೆ ಸೌದೆ ಉರಿಸಿ ಗೋಡೆಯನ್ನು ಒಣಗಿಸಿ, ತಳಕ್ಕೂ ಪಕ್ಕಕ್ಕೂ ಒಣಹುಲ್ಲನ್ನು ಒತ್ತಿ, ಕಾಳನ್ನು ಬಾಯಿಮಟ್ಟ ತುಂಬಿ, ಚಪ್ಪಡಿಯನ್ನು ಮುಚ್ಚಿ ಮಣ್ಣಿನಿಂದ ಮೆತ್ತುವರು. ನಾಲೆಯ ನೀರು ಬಂದ ಊರುಗಳಲ್ಲಿ ನೆಲದ ಒಳನೀರು ಮೇಲೇರಿರಬಹುದಾದುದರಿಂದ, ತಾತನ ಕಾಲದ ಹಗೇವನ್ನು ನಂಬಿ ತುಂಬುವ ಮೊದಲು ಒಂದು ಮಳೆಗಾಲವೆಲ್ಲಾ ಬರಿದಾಗಿ ಬಿಟ್ಟು ಪರೀಕ್ಷಿಸಬೇಕು.

ಹೀಗೆ ಮುಚ್ಚಿದ ಹಗೇವಿನಲ್ಲಿ ಧಾನ್ಯವು ಉಳಿಯುವುದೇಕೆ? ಕಾಳಿಗೂ ಜೀವವಿದೆ, ಅದು ಮೆಲ್ಲನೆ ಉಸಿರಾಡುತ್ತಿರುವುದು. ಅದರೊಡನೆ ಒಳಸೇರಿದ ಹುಳುಗಳೂ ಬೂಸ್ಟೂ ಉಸಿರಾಡುವುವು. ಹೊರಗಿನ ಗಾಳಿಗೆ ದಾರಿಯಿಲ್ಲದಿರುವುದರಿಂದ ಒಳಗಿರುವ ಪ್ರಾಣವಾಯುವು ಕ್ರಮೇಣ ಮುಗಿದು, ಅದರ ಸ್ಥಳದಲ್ಲಿ ಇಂಗಾಲಾಮ್ಲವಾಯುವು ತುಂಬುವುದು. ಆಗ ಹುಳುಗಳು ಸಾಯುವುವು. ಯಾವ ಔಷಧವೂ ಇಲ್ಲದೆ ಕಾಳನ್ನು ಕಾಪಾಡುವ ಈ ಹವೆಯೇ ಬಾಯಿ ತೆರೆದೊಡನೆ ಇಳಿದ ಮನುಷ್ಯನನ್ನೂ ಕೊಲ್ಲುವುದು. ಇದಕ್ಕೆ ಬಣ್ಣವಿಲ್ಲ, ಎಚ್ಚರಿಸುವಂಥ ವಾಸನೆಯಿಲ್ಲ. ಸಾಮಾನ್ಯವಾದ ಗಾಳಿಗಿಂತ ಭಾರವಾದುದರಿಂದ, ಚಪ್ಪಡಿಯನ್ನು ಸರಿಸಿದ ಮಾತ್ರಕ್ಕೆ ಮೇಲೆದ್ದು ಹೋಗದೆ ತಳದಲ್ಲಿ ನೀರಿನಂತೆ ನಿಂತಿರುವುದು.

ಈ ಅಪಾಯಗಳು ನಡೆಯುವ ರೀತಿಯು ಸಾಮಾನ್ಯವಾಗಿ ಒಂದೇ. ಮೊದಲು ಇಳಿದವನು ತಲೆ ತಿರುಗಿ ಬೀಳುವನು. ಅವನು ಕಾಲು ಜಾರಿ ಬಿದ್ದನೆಂದು ತಿಳಿದು ಅಣ್ಣನೋ ಮಗನೋ ಅವಸರದಿಂದ ಇಳಿಯುವನು. ಅವನೂ ಮೇಲೆ ಬರುವುದಿಲ್ಲ. ಮೂರನೆಯವನನ್ನು ತಡೆಯುವವರು ಅಲ್ಲಿ ಇಲ್ಲದಿದ್ದರೆ ಒಂದೇ ಮನೆಯ ಮೂವರು ಹೋಗುವರು. ಮುಖಂಡರಾದವರು ಊರಿನಲ್ಲಿ ಒಂದು ಕಟ್ಟುಪಾಡನ್ನು ಮಾಡಿ, ತಮಗೆ ತಿಳಿಸದೆಯೂ ನಾಲ್ಕು ಮಂದಿಯಿಲ್ಲದೆಯೂ ಯಾರೂ ಹಗೇವನ್ನು ತೆರೆಯಕೂಡದೆಂದು ಡಂಗುರ ಹಾಕಿಸಬೇಕೆಂದು ಕೋರುತ್ತೇವೆ.

ತೆರೆಯುವ ಕ್ರಮ ಹೀಗೆ. ಬಾಯಿ ತೆಗೆದು ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಡಬೇಕು. ಮಕ್ಕಳು ದನಕರುಗಳು ಬೀಳದಂತೆ ಸುತ್ತಲೂ ಮುಳ್ಳುಬೇಲಿಯನ್ನು ಹಾಕಬೇಕು. ಮಾರನೆಯ ದಿನ ಸೊಪ್ಪಿನ ದೊಡ್ಡ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಬಹಳ ಹೊತ್ತು ಇಳಿಸಿ ಎತ್ತಿ ಒಳಗಣ ಹವೆಯನ್ನು ಕದಡಬೇಕು. ವಿದ್ಯುತ್ತಿನಿಂದ ಗಾಳಿಯೂದುವ ಯಂತ್ರವಿದ್ದರೆ ಅದರ ಕೊಳವೆಯನ್ನು ಕಾಳಿನ ಮಟ್ಟದವರೆಗೆ ಇಳಿಸಿ ಊದಿಸುವುದು ಇನ್ನೂ ಮೇಲು. ಅನಂತರ ಗಾಜಿನ ಲಾಂದ್ರವನ್ನು ಹಚ್ಚಿ ಇಳಿಬಿಡಬೇಕು. ಅದು ಆರಿದರೆ ಅಪಾಯವುಂಟೆಂಬುದು ನಿಶ್ಚಯ. ಆರದೆ ಉರಿದರೆ ಅಪಾಯವಿಲ್ಲವೆಂಬುದು ಮಾತ್ರ ನಿಶ್ಚಯವಲ್ಲ. ದೀಪವು ಇನ್ನೂ ಉರಿಯುತ್ತಿರುವ ಹವೆಯಲ್ಲಿಯೂ ಮನುಷ್ಯನಿಗೆ ತಲೆ ತಿರುಗಬಹುದು.

ಆದುದರಿಂದ ಇಳಿಯುವವನ ಎದೆಗೆ, ಕಂಕುಳ ಕೆಳಗಾಗಿ, ಗಟ್ಟಿಯಾದ ಹಗ್ಗವನ್ನು ಕಟ್ಟಿ, ಅದರ ತುದಿಯನ್ನು ಮೇಲೆ ಇಬ್ಬರು ಬಲವಾದ ಆಳುಗಳು ಕೈಬಿಡದೆ ಹಿಡಿದಿರಬೇಕು. ಅವನೊಡನೆ ಎಡೆಬಿಡದೆ ಮಾತನಾಡಿಸುತ್ತಿದ್ದು, ಉತ್ತರವು ತಡವಾದರೆ ವಿಚಾರಿಸುತ್ತಾ ನಿಲ್ಲದೆ ಮೇಲಕ್ಕೆ ಸೇದಿಬಿಡಬೇಕು. ಹಗ್ಗವಿಲ್ಲದೆ ಬಿದ್ದವನನ್ನು ಎತ್ತಲು ಹಗ್ಗವಿಲ್ಲದೆ ಇಳಿಯುವುದು ಸಾಹಸವಲ್ಲ. ಮೇಲೆ ತಂದವನನ್ನು ಬಯಲು ಗಾಳಿಯಲ್ಲಿ ಮಲಗಿಸಿ, ಉಸಿರು ನಿಂತಿದ್ದರೆ ಬಲ್ಲವರಿಂದ ಕೃತಕ ಶ್ವಾಸವನ್ನು ಕೊಡಿಸುತ್ತಾ, 108ಕ್ಕೆ ದೂರವಾಣಿ ಮಾಡತಕ್ಕದ್ದು.

ಮತ್ತೊಂದು ಸೂಕ್ಷ್ಮವನ್ನು ಎಷ್ಟೋ ಮಂದಿ ಅರಿಯರು. ಕಾಳುಕಾಳುಗಳ ನಡುವಣ ಸಂದಿನಲ್ಲಿಯೂ ಕೆಟ್ಟ ಹವೆಯು ನಿಂತಿರುವುದು. ಮೊದಲ ದಿನ ಮೇಲಿನ ಕಾಳನ್ನು ತೆಗೆದಾಗ ಏನೂ ಆಗಲಿಲ್ಲವೆಂದು ಧೈರ್ಯಗೊಂಡು ಮರುದಿನ ಹಾಗೆಯೇ ಇಳಿದರೆ, ರಾತ್ರಿಯಲ್ಲಿ ಕೆಳಗಿನ ರಾಶಿಯಿಂದ ಹೊರಟ ಹವೆಯು ಅಲ್ಲಿ ತುಂಬಿರಬಹುದು. ಪ್ರತಿ ಸಲವೂ ಇಳಿಯುವುದಕ್ಕೆ ಮೊದಲು ಹವೆಯನ್ನು ಕದಡಿ, ಲಾಂದ್ರವನ್ನು ಇಳಿಸಿ ನೋಡಬೇಕು. ಪಾಳುಬಾವಿಗಳಿಗೂ ಮುಚ್ಚಿಟ್ಟ ಗೊಬ್ಬರದ ಅನಿಲದ ಗುಂಡಿಗಳಿಗೂ ಇಳಿಯುವಾಗ ಇಂಥ ಎಚ್ಚರವು ಬೇಕು, ಆದರೆ ಹೊತ್ತಿಕೊಳ್ಳುವ ಅನಿಲವಿರುವ ಗೊಬ್ಬರದ ಗುಂಡಿಗೆ ಉರಿಯುವ ಲಾಂದ್ರವನ್ನು ಇಳಿಸಕೂಡದು. ಉಪಯೋಗವಿಲ್ಲದ ಹಳೆಯ ಹಗೇವುಗಳು ಬೀದಿಯಲ್ಲಿಯೋ ಹಿತ್ತಲಿನಲ್ಲಿಯೋ ಇದ್ದರೆ ಅವನ್ನು ಮಳೆಗಾಲಕ್ಕೆ ಮುಂಚೆ ಮಣ್ಣಿನಿಂದ ತುಂಬಿಸಿಬಿಡುವುದು ಉತ್ತಮ.

ಹಗೇವನ್ನು ಒಮ್ಮೆ ತೆರೆದ ಮೇಲೆ ಅರ್ಧ ಕಾಳನ್ನು ಒಳಗೇ ಬಿಡಬಾರದು. ಹೊಸ ಗಾಳಿಯೂ ಮಳೆಗಾಲದ ತೇವವೂ ಒಳಹೊಕ್ಕು ಉಳಿದ ಕಾಳು ಬೇಗ ಕೆಡುವುದು. ಎಲ್ಲವನ್ನೂ ಹೊರತೆಗೆದು, ಗೋಡೆಗೆ ಹತ್ತಿ ಮುಗ್ಗಿದ ಕಾಳನ್ನು ಬೇರೆ ಮಾಡಿ, ಒಳ್ಳೆಯ ಕಾಳನ್ನು ಎರಡು ದಿನ ಬಿಸಿಲಿನಲ್ಲಿ ಹರಡಿದರೆ ಹಗೇವಿನ ವಾಸನೆಯು ಹೋಗುವುದು. ಬೂಸ್ಟು ಹಿಡಿದ ಕಾಳನ್ನು ದನಗಳಿಗಾಗಲಿ ಕೋಳಿಗಳಿಗಾಗಲಿ ಹಾಕದೆ ತಿಪ್ಪೆಗೆ ಸೇರಿಸತಕ್ಕದ್ದು. ಅದರಲ್ಲಿರುವ ವಿಷವು ಬೇಯಿಸಿದರೂ ಹೋಗುವುದಿಲ್ಲ. ಬಿತ್ತನೆಯ ಬೀಜವನ್ನು ಹಗೇವಿನಲ್ಲಿ ಇಡದೆ, ಸುಗ್ಗಿಯಲ್ಲಿಯೇ ಒಳ್ಳೆಯ ತೆನೆಗಳನ್ನು ಆರಿಸಿ, ಬಡಿದು ಒಣಗಿಸಿ, ಬೂದಿ ಬೆರಸಿ ಗಡಿಗೆಯಲ್ಲಿಟ್ಟು, ಗಡಿಗೆಯ ಮೇಲೆ ಬೀಜದ ಹೆಸರನ್ನೂ ವರ್ಷವನ್ನೂ ಸುಣ್ಣದಿಂದ ಬರೆದಿಡಬೇಕು.