ಅಭಿಪ್ರೇರಣೆ ಮತ್ತು ಚಲನ ಕೌಶಲಗಳ ಕಲಿಕೆ

ಅರ್ಥ: ಸೈಕಲ್ ಸವಾರಿ, ಈಜು, ಬೆರಳಚ್ಚು, ಬರವಣಿಗೆಯಂತೆ ಸ್ನಾಯುಗಳ ಹೊಂದಾಣಿಕೆ ಬೇಡುವ, ಕಲಿತು ಪಡೆಯುವ ಸಾಮರ್ಥ್ಯವೇ ಚಲನ ಕೌಶಲ. ಅಭ್ಯಾಸವನ್ನು ಆರಂಭಿಸಲು, ಮುಂದುವರಿಸಲು ಪ್ರೇರೇಪಿಸುವ ಶಕ್ತಿ ಅಭಿಪ್ರೇರಣೆ.

ಕಲಿಕೆಯ ಹಂತಗಳು (ಫಿಟ್ಸ್ ಮತ್ತು ಪೋಸ್ನರ್, 1967): ಸಂಜ್ಞಾನಾತ್ಮಕ, ಸಾಹಚರ್ಯ, ಸ್ವಯಂಚಾಲಿತ. ಮೊದಲ ಹಂತದಲ್ಲಿ ತಪ್ಪುಗಳು ಹೆಚ್ಚು. ಕಲಿಯುವವರು ಕೈಬಿಡದಂತೆ ಪ್ರೋತ್ಸಾಹ ಇಲ್ಲಿಯೇ ಹೆಚ್ಚು ಬೇಕು.

ವಿಧಗಳು
- ಆಂತರಿಕ: ಆಸಕ್ತಿ, ಕಲಿಕೆಯ ಆನಂದ.
- ಬಾಹ್ಯ: ಪದಕ, ಬಹುಮಾನ, ಹೊಗಳಿಕೆ.

ಪ್ರಮುಖ ಸಿದ್ಧಾಂತಗಳು
- ಯರ್ಕಿಸ್–ಡಾಡ್ಸನ್ ನಿಯಮ (1908): ಉದ್ರೇಕ ಮಧ್ಯಮ ಮಟ್ಟದಲ್ಲಿದ್ದಾಗ ಸಾಧನೆ ಉತ್ತಮ. ಕಾರ್ಯ ಕಠಿಣವಾದಷ್ಟೂ ಸೂಕ್ತ ಉದ್ರೇಕದ ಮಟ್ಟ ಕಡಿಮೆ.
- ಸ್ವಸಾಮರ್ಥ್ಯದ ನಂಬಿಕೆ (ಆಲ್ಬರ್ಟ್ ಬಂಡೂರ, 1977): ‘ನನ್ನಿಂದ ಸಾಧ್ಯ’ ಎಂಬ ನಂಬಿಕೆ ಪ್ರಯತ್ನವನ್ನು ಹೆಚ್ಚಿಸುತ್ತದೆ.
- ಸ್ವನಿರ್ಣಯ ಸಿದ್ಧಾಂತ (ಡೆಸಿ ಮತ್ತು ರಯಾನ್): ಸ್ವಾಯತ್ತತೆ, ಸಾಮರ್ಥ್ಯ, ಸಂಬಂಧ ಎಂಬ ಮೂರು ಮೂಲ ಅಗತ್ಯಗಳು.
- ಆಪ್ಟಿಮಲ್ ಸಿದ್ಧಾಂತ (ವುಲ್ಫ್ ಮತ್ತು ಲೂತ್‌ವೈಟ್, 2016): ಯಶಸ್ಸಿನ ನಿರೀಕ್ಷೆ, ಆಯ್ಕೆಯ ಸ್ವಾತಂತ್ರ್ಯ, ಬಾಹ್ಯ ಗಮನ ಎಂಬ ಮೂರು ಅಂಶಗಳು ಕಲಿಕೆಗೆ ನೆರವು. ಬಾಹ್ಯ ಗಮನವೆಂದರೆ ಕೈಕಾಲಿನ ಚಲನೆಗಿಂತ ಅದರ ಪರಿಣಾಮದ ಮೇಲೆ ಗಮನ. ಉದಾಹರಣೆಗೆ, ಬ್ಯಾಸ್ಕೆಟ್‌ಬಾಲ್ ಎಸೆಯುವಾಗ ಮಣಿಕಟ್ಟಿಗಿಂತ ಬುಟ್ಟಿಯತ್ತ ಗಮನ.

ಮೆದುಳಿನ ಪಾತ್ರ: ಪ್ರತಿಫಲದ ನಿರೀಕ್ಷೆಯೊಂದಿಗೆ ಸಂಬಂಧವಿರುವ ನರವಾಹಕ ಡೋಪಮಿನ್. ಚಲನ ಕಲಿಕೆಯಲ್ಲಿ ಬೇಸಲ್ ಗ್ಯಾಂಗ್ಲಿಯಾ ಮತ್ತು ಸೆರೆಬೆಲ್ಲಮ್ ಮುಖ್ಯ.

ತರಗತಿ, ಮೈದಾನದಲ್ಲಿ ಅನ್ವಯ: ಸಾಧಿಸಬಹುದಾದ ಗುರಿ ಕೊಡಿ; ಸರಿಯಾದ ಪ್ರಯತ್ನವನ್ನು ಗುರುತಿಸಿ ಹೇಳಿ; ಅಭ್ಯಾಸದಲ್ಲಿ ಆಯ್ಕೆಗೆ ಅವಕಾಶ ನೀಡಿ. ಅವಮಾನ, ಹೋಲಿಕೆ ಬೇಡ.

ನೆನಪಿಡಿ: ಅಭಿಪ್ರೇರಣೆ ಅಭ್ಯಾಸಕ್ಕೆ ಬದಲಿಯಲ್ಲ, ಅಭ್ಯಾಸದ ಪ್ರಮಾಣ ಮತ್ತು ಗುಣಮಟ್ಟ ಎರಡನ್ನೂ ಹೆಚ್ಚಿಸುವ ಅಂಶ.